ಕಟ್ಟಿಸಿದ ಹಲ್ಲು ಬಾಳಬೇಕಾದರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಮೊದಲನೆಯ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನು 1789ರಲ್ಲಿ ಅಧಿಕಾರವನ್ನು ವಹಿಸಿಕೊಂಡಾಗ ಅವನ ಬಾಯಿಯಲ್ಲಿ ಉಳಿದಿದ್ದುದು ಒಂದೇ ಒಂದು ಹುಟ್ಟುಹಲ್ಲು. ಮಿಕ್ಕವೆಲ್ಲ ಕಟ್ಟಿಸಿದವು. ಅವು ಮರದ ಹಲ್ಲುಗಳೆಂಬ ಮಾತು ಇಂದಿಗೂ ಪ್ರಚಾರದಲ್ಲಿದ್ದರೂ ಅದು ನಿಜವಲ್ಲ. ನೀರಾನೆಯ ದಂತವನ್ನು ಕೊರೆದು ಮಾಡಿದ ತಳದ ಮೇಲೆ ಹಲ್ಲುಗಳನ್ನು ಕೂರಿಸಿ, ಲೋಹದ ತಂತಿ ತಿರುಪುಗಳಿಂದ ಬಿಗಿದು ಅವನ್ನು ಸಿದ್ಧಗೊಳಿಸಿದ್ದರು. ಪದವಿಯಿಂದ ನಿವೃತ್ತನಾದ ಮೇಲೆ, 1798ರಲ್ಲಿ, ವಾಷಿಂಗ್ಟನ್ನನು ಇಂತಹ ಒಂದು ಜೊತೆಯನ್ನು ತನ್ನ ದಂತವೈದ್ಯನಾದ ಜಾನ್ ಗ್ರೀನ್‌ವುಡ್ಡನಿಗೆ ಕಳುಹಿಸಿಕೊಟ್ಟನು. ಆ ವರ್ಷದ ಡಿಸೆಂಬರ್ 28ರಂದು ಗ್ರೀನ್‌ವುಡ್ಡನು ಬರೆದ ಉತ್ತರವು ಈಗಲೂ ಉಳಿದಿದೆ. ಹಲ್ಲುಗಳು ಬಹಳ ಕಪ್ಪಾಗಿವೆಯೆಂದೂ, ಪೋರ್ಟ್ ಎಂಬ ದ್ರಾಕ್ಷಾಮದ್ಯದಲ್ಲಿ ನೆನೆಸಿಟ್ಟುದರಿಂದಲೋ ಅದನ್ನು ಕುಡಿದುದರಿಂದಲೋ ಹೀಗಾಗಿದೆಯೆಂದೂ, ಆ ಮದ್ಯದ ಹುಳಿಯು ದಂತದ ಹೊಳಪನ್ನು ತೆಗೆದುಬಿಡುತ್ತದೆಂದೂ ಅವನು ತಿಳಿಸಿದನು. ಊಟವಾದ ಮೇಲೆ ಅವನ್ನು ತೆಗೆದು ಶುದ್ಧವಾದ ನೀರಿನಲ್ಲಿಟ್ಟು ಬೇರೊಂದು ಜೊತೆಯನ್ನು ಹಾಕಿಕೊಳ್ಳಬೇಕು, ಇಲ್ಲವೆ ನುಣ್ಣಗೆ ಹೆರೆದ ಸೀಮೆಸುಣ್ಣವನ್ನು ಹಚ್ಚಿ ಬ್ರಷ್ಷಿನಿಂದ ಉಜ್ಜಬೇಕು ಎಂಬುದು ಅವನ ಸಲಹೆ.

ಈ ಸಲಹೆಯು ಅಂದಿನ ಪದಾರ್ಥಕ್ಕೆ ತಕ್ಕುದಾಗಿತ್ತು. ಪ್ರಾಣಿಯ ದಂತದಲ್ಲಿ ಮುಖ್ಯವಾಗಿರುವುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳು ಸೇರಿದ ಖನಿಜ. ಈ ಖನಿಜವು ಹುಳಿಯಲ್ಲಿ, ಎಂದರೆ ಆಮ್ಲದಲ್ಲಿ, ಕರಗುತ್ತದೆ. ಹೊಳಪಾದ ಮೇಲ್ಮೈ ಕರಗಿ ಸಣ್ಣ ಸಣ್ಣ ರಂಧ್ರಗಳು ಬಾಯ್ದೆರೆದೊಡನೆ ಮದ್ಯದ ಬಣ್ಣವು ಒಳಹೊಕ್ಕು ನೆಲೆಸುತ್ತದೆ. ಆದರೆ ಇಂದಿನ ಕೃತಕ ಹಲ್ಲಿಗೆ ಅದೇ ಸಲಹೆಯನ್ನು ಅನ್ವಯಿಸಿದರೆ ಫಲವು ತಲೆಕೆಳಗಾಗುವುದು. ಇಂದಿನ ಹಲ್ಲಿಗೆ ಸೀಮೆಸುಣ್ಣವೇ ಶತ್ರು. ತಿಳಿಯಾದ ಹುಳಿಯಾದರೋ ಮಿತ್ರ. ವಸ್ತುವು ಬದಲಾದರೆ ಅದರ ಉಪಚಾರವೂ ಬದಲಾಗಬೇಕು. ಕಟ್ಟಿಸಿದ ಹಲ್ಲನ್ನು ಕಾಪಾಡಿಕೊಳ್ಳುವ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಬೇಕಾದುದಿಲ್ಲ. ಅದು ಯಾವುದರಿಂದ ಆಗಿದೆ, ಬಾಯಿಯಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ಅರಿತರೆ ನಿಯಮಗಳು ತಾವಾಗಿಯೇ ಹೊಳೆಯುವುವು.

ತರುಣ ವಾಚಕರಿಗೆ ಒಂದು ಮಾತು

ಹದಿನೈದಿಪ್ಪತ್ತು ವರ್ಷದ ನಮಗೆ ಕೃತಕ ದಂತದ ಚಿಂತೆ ಏಕೆ ಎಂದು ವಾಚಕರಲ್ಲಿ ಹಲವರು ಕೇಳಬಹುದು. ನಮ್ಮ ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಇರುವರಷ್ಟೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಹೇಳಿ ನಾವು ನಗುತ್ತೇವೆ. ಆದರೆ ಹಲ್ಲಿಲ್ಲದವರ ಕಷ್ಟವು ಕಡಲೆಯಲ್ಲಿ ಮುಗಿಯುವುದಿಲ್ಲ. ತ ಥ ದ ಧ ನ ಎಂಬ ಐದು ವರ್ಣಗಳನ್ನು ನಮ್ಮ ವ್ಯಾಕರಣವು ದಂತ್ಯಗಳೆಂದು ಕರೆಯುತ್ತದೆ. ನಾಲಗೆಯ ತುದಿಯು ಮೇಲಿನ ಹಲ್ಲುಗಳ ಹಿಂಬದಿಯನ್ನು ಮುಟ್ಟಿದಾಗ ಅವು ಹುಟ್ಟುವುವು. ಹಲ್ಲು ಹೋದವರ ಬಾಯಿಯಲ್ಲಿ ಈ ವರ್ಣಗಳು ಮಸುಕಾಗುತ್ತವೆ, ಮಾತು ಅಸ್ಪಷ್ಟವಾಗುತ್ತದೆ, ನಾಲ್ಕು ಜನರ ನಡುವೆ ಬಾಯಿ ತೆರೆಯಲು ಸಂಕೋಚವಾಗುತ್ತದೆ. ರೊಟ್ಟಿ, ಹಸಿಯ ತರಕಾರಿ, ಹಣ್ಣು, ಮೊಳಕೆಕಾಳುಗಳು ದೂರವಾಗಿ ಗಂಜಿ, ಮೆತ್ತಗಿನ ಅನ್ನಗಳೇ ಗತಿಯಾಗುವುವು.

ಕರ್ನಾಟಕ ಸರ್ಕಾರವು 2010ರ ದಶಕದಲ್ಲಿ ಬಡತನದ ರೇಖೆಗಿಂತ ಕೆಳಗಿರುವ ವೃದ್ಧರಿಗೆ ಉಚಿತವಾಗಿ ದಂತಪಂಕ್ತಿಯನ್ನು ಕಟ್ಟಿಸಿಕೊಡಲು ‘ದಂತಭಾಗ್ಯ’ವೆಂಬ ಯೋಜನೆಯನ್ನು ಆರಂಭಿಸಿತು. ಹೀಗೆ ದೊರೆತುದಾಗಲಿ, ಸ್ವಂತ ಹಣದಿಂದ ಕಟ್ಟಿಸಿದುದಾಗಲಿ, ಜನರು ‘ಸೆಟ್ಟು’ ಎಂದು ಕರೆಯುವ ಈ ದಂತಪಂಕ್ತಿಯು ವೈದ್ಯನ ಕುರ್ಚಿಯಿಂದ ಮನೆಗೆ ಬಂದ ಮೇಲೆ ಎಷ್ಟು ಕಾಲ ಬಾಳುವುದೆಂಬುದು ಮನೆಯವರನ್ನು ಅವಲಂಬಿಸಿದೆ. ಇದನ್ನು ತೊಳೆಯುವುದು ಯಾರಿಗೆ ಅತ್ಯವಶ್ಯವೋ ಅವರ ಕಣ್ಣು ಮಬ್ಬಾಗಿರುತ್ತದೆ, ಬೆರಳುಗಳ ಸಂದುಗಳು ಬಿಗಿದಿರುತ್ತವೆ. ಆದುದರಿಂದ ಈ ವಿಷಯವು ಮುದುಕರಿಗಿಂತ ಹೆಚ್ಚಾಗಿ ಮಕ್ಕಳೂ ಮೊಮ್ಮಕ್ಕಳೂ ತಿಳಿಯಬೇಕಾದುದೆಂದು ನಾವು ಭಾವಿಸುತ್ತೇವೆ.

ಬಾಯಿಯಲ್ಲಿ ಅದು ನಿಲ್ಲುವ ಬಗೆ

ಶಾಲೆಯ ಪ್ರಯೋಗಶಾಲೆಯಲ್ಲಿ ಎರಡು ಗಾಜಿನ ಹಲಗೆಗಳ ನಡುವೆ ಒಂದು ಹನಿ ನೀರನ್ನು ಬಿಟ್ಟು ಒತ್ತಿರಿ. ಒಂದನ್ನು ಇನ್ನೊಂದರ ಮೇಲೆ ಸುಲಭವಾಗಿ ಜಾರಿಸಬಹುದು. ಆದರೆ ನೇರವಾಗಿ ಎಳೆದು ಬೇರ್ಪಡಿಸುವುದು ಕಷ್ಟ. ನೀರಿನ ತೆಳುವಾದ ಪೊರೆಯು ಎರಡನ್ನೂ ಹಿಡಿದಿಡುತ್ತದೆ. ಪೊರೆಯು ತೆಳುವಾದಷ್ಟೂ ಹಿಡಿತವು ಬಲವಾಗುತ್ತದೆ. ಮೇಲ್ದವಡೆಯ ಸೆಟ್ಟು ಕೆಳಕ್ಕೆ ಬೀಳದೆ ನಿಲ್ಲುವುದು ಮುಖ್ಯವಾಗಿ ಇದೇ ತತ್ತ್ವದಿಂದ. ಅಂಗುಳಕ್ಕೂ ಸೆಟ್ಟಿಗೂ ನಡುವೆ ಇರುವ ಲಾಲಾರಸದ ಪೊರೆಯೇ ಅದರ ಅಂಟು. ಕೆಳದವಡೆಯಲ್ಲಿ ಅಂಗುಳದಂತಹ ಅಗಲವಾದ ಸ್ಥಳವಿಲ್ಲದುದರಿಂದ ಅಲ್ಲಿಯ ಸೆಟ್ಟಿಗೆ ಈ ಹಿಡಿತ ಕಡಮೆ. ವಸಡಿನ ದಿಬ್ಬವೂ ನಾಲಗೆ ಕೆನ್ನೆಗಳ ಸ್ನಾಯುಗಳೂ ಅದಕ್ಕೆ ಆಸರೆಯಾಗಬೇಕು. ಕೆಳಗಿನ ಸೆಟ್ಟು ಹೆಚ್ಚು ಓಲಾಡುತ್ತದೆಂದು ವೃದ್ಧರು ದೂರುವುದಕ್ಕೆ ಕಾರಣವಿದು.

ಈ ಪೊರೆಯು ಮಿಲಿಮೀಟರಿನ ಸಣ್ಣದೊಂದು ಭಾಗದಷ್ಟು ಮಾತ್ರ ದಪ್ಪವಾಗಿರುವುದರಿಂದ, ಸೆಟ್ಟಿನ ಆಕಾರವು ಕೂದಲೆಳೆಯಷ್ಟು ಮಾರ್ಪಟ್ಟರೂ ಹಿಡಿತವು ಸಡಿಲುವುದು. ಈ ಸಂಗತಿಯನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಎಷ್ಟೋ ಎಚ್ಚರಿಕೆಗಳಿಗೆ ಇದೇ ಮೂಲ.

ಅದು ಯಾವ ಪದಾರ್ಥ?

ಪ್ರಾಣಿಯ ದಂತದ ಕಾಲವು ಮುಗಿದ ಮೇಲೆ ರಬ್ಬರಿನ ಕಾಲ ಬಂದಿತು. ರಬ್ಬರಿಗೆ ಗಂಧಕವನ್ನು ಬೆರಸಿ ಕಾಯಿಸಿದರೆ ಅದು ಗಟ್ಟಿಗೊಳ್ಳುವುದೆಂದು ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ಕಂಡುಕೊಂಡನು. ಗಂಧಕವನ್ನು ಹೆಚ್ಚಾಗಿ ಬೆರಸಿದಾಗ ದೊರೆಯುವ ಗಡಸು ರಬ್ಬರಿನಿಂದ 1850ರ ದಶಕದ ಅನಂತರ ಹಲ್ಲಿನ ತಳಗಳನ್ನು ಮಾಡತೊಡಗಿದರು. ಅಗ್ಗವಾದ ಈ ವಸ್ತುವು ಸಾಮಾನ್ಯರಿಗೂ ಹಲ್ಲನ್ನು ಒದಗಿಸಿಕೊಟ್ಟಿತು. ಆದರೆ ಅದರ ಬಣ್ಣವು ವಸಡಿನ ಬಣ್ಣಕ್ಕೆ ಹೋಲುತ್ತಿರಲಿಲ್ಲ. 1930ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕು ಈ ಕ್ಷೇತ್ರಕ್ಕೆ ಕಾಲಿಟ್ಟು, ಮುಂದಿನ ಹತ್ತು ವರ್ಷಗಳಲ್ಲಿ ರಬ್ಬರನ್ನು ಬಹುಮಟ್ಟಿಗೆ ಹೊರದೂಡಿತು. ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬುದು ಅದರ ಪೂರ್ಣನಾಮ. ವಿಮಾನದ ಕಿಟಕಿಗಳಿಗೂ ಅಂಗಡಿಗಳ ಮುಂದಿನ ಹೊಳೆಯುವ ಹೆಸರುಹಲಗೆಗಳಿಗೂ ಬಳಸುವ ಗಾಜಿನಂತಹ ಪ್ಲಾಸ್ಟಿಕ್ಕು ಇದೇ. ವಸಡಿನ ಬಣ್ಣವನ್ನು ಬೆರಸಿದ ಅಕ್ರಿಲಿಕ್ಕಿನ ತಳ, ಅದರ ಮೇಲೆ ಅಕ್ರಿಲಿಕ್ಕಿನ ಅಥವಾ ಪಿಂಗಾಣಿಯ ಹಲ್ಲು: ನಮ್ಮ ಮನೆಗಳಲ್ಲಿ ಕಾಣುವ ಸೆಟ್ಟು ಸಾಮಾನ್ಯವಾಗಿ ಇಂತಹುದು. ಕೆಲವು ಹಲ್ಲುಗಳು ಮಾತ್ರ ಹೋದವರಿಗೆ ಕಟ್ಟುವ ಸೆಟ್ಟುಗಳಲ್ಲಿ ಲೋಹದ ಕೊಂಡಿಗಳೂ ಇರಬಹುದು.

ಇದನ್ನು ಮಾಡುವ ರೀತಿಯು ನಮ್ಮ ಶಿಲ್ಪಿಗಳು ಮೇಣದ ಅಚ್ಚಿನಿಂದ ಕಂಚಿನ ವಿಗ್ರಹವನ್ನು ಎರಕ ಹೊಯ್ಯುವ ರೀತಿಯನ್ನು ನೆನಪಿಗೆ ತರುವುದು. ಮೊದಲು ದವಡೆಯ ಪಡಿಯಚ್ಚನ್ನು ತೆಗೆದು ಗಾರೆಯಲ್ಲಿ ಅದರ ಪ್ರತಿಕೃತಿಯನ್ನು ಮಾಡುವರು. ಅದರ ಮೇಲೆ ಮೇಣದ ವಸಡನ್ನು ಕಟ್ಟಿ ಹಲ್ಲುಗಳನ್ನು ಸಾಲಾಗಿ ನೆಡುವರು. ಬಾಯಿಯಲ್ಲಿಟ್ಟು ನೋಡಿ ಸರಿಪಡಿಸಿದ ಮೇಲೆ ಎಲ್ಲವನ್ನೂ ಗಾರೆಯಲ್ಲಿ ಹುದುಗಿಸಿ ಮೇಣವನ್ನು ಬಿಸಿನೀರಿನಿಂದ ಕರಗಿಸಿ ತೆಗೆಯುವರು. ಬರಿದಾದ ಆ ಸ್ಥಳದಲ್ಲಿ ಅಕ್ರಿಲಿಕ್ಕಿನ ಪುಡಿಯನ್ನೂ ದ್ರವವನ್ನೂ ಕಲಸಿದ ಕಣಕವನ್ನು ತುಂಬಿ, ಅದುಮಿ, ನೀರಿನಲ್ಲಿ ಕಾಯಿಸುವರು. ಸುಮಾರು 74 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 8 ಗಂಟೆಗಳ ಕಾಲ ಕಾಯಿಸುವುದು ರೂಢಿಯಲ್ಲಿರುವ ಒಂದು ಕ್ರಮ. ಇಷ್ಟು ನಿಧಾನವೇಕೆಂದರೆ, ಆ ದ್ರವವು 100 ಡಿಗ್ರಿಗಿಂತ ತುಸು ಮೇಲೆ ಕುದಿಯುತ್ತದೆ. ಅವಸರಪಟ್ಟರೆ ಗುಳ್ಳೆಗಳೆದ್ದು ಸೆಟ್ಟು ತೂತುತೂತಾಗುವುದು. ಕಾಯಿಸಿದಾಗ ದ್ರವದ ಚಿಕ್ಕ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದವಾದ ಸರಪಳಿಗಳಾಗಿ ಕಣಕವು ಗಟ್ಟಿಗೊಳ್ಳುವುದು.

ಶಾಖ

ಗಟ್ಟಿಯಾದ ಅಕ್ರಿಲಿಕ್ಕು ತಣ್ಣಗಾಗುವಾಗ ಕುಗ್ಗಲು ಯತ್ನಿಸುತ್ತದೆ. ಸುತ್ತಲಿನ ಗಾರೆಯು ಅದಕ್ಕೆ ಅಡ್ಡಿಯಾಗುತ್ತದೆ. ಹೀಗೆ ತಡೆಯಲ್ಪಟ್ಟ ಕುಗ್ಗುವಿಕೆಯು ಸೆಟ್ಟಿನೊಳಗೆ ಬಿಗಿತವಾಗಿ ಉಳಿದುಕೊಳ್ಳುವುದು. ಹೊರಗಿನಿಂದ ಅದು ಕಾಣುವುದಿಲ್ಲ. ಆದರೆ ಮತ್ತೆ ಬಿಸಿ ತಾಗಿದಾಗ ಅಣುಗಳ ಸರಪಳಿಗಳಿಗೆ ಅಲುಗಾಡಲು ಅವಕಾಶವಾಗಿ, ಅಡಗಿದ್ದ ಬಿಗಿತವು ಬಿಚ್ಚಿಕೊಳ್ಳುತ್ತದೆ. ಸೆಟ್ಟು ತುಸು ಸೊಟ್ಟಗಾಗುತ್ತದೆ. ಅಕ್ರಿಲಿಕ್ಕು ಮೆತ್ತಗಾಗುವ ಉಷ್ಣತೆಯು ಸುಮಾರು 105 ಡಿಗ್ರಿ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಎರಡಕ್ಕೂ ಇರುವ ಅಂತರವು ಎಷ್ಟು ಅಲ್ಪವೆಂಬುದನ್ನು ಗಮನಿಸಿರಿ.

ಪಾತ್ರೆಗಳನ್ನೂ ಮಗುವಿನ ಹಾಲಿನ ಶೀಷೆಯನ್ನೂ ಕುದಿಸಿ ಶುದ್ಧಗೊಳಿಸುವ ಗೃಹಿಣಿಯು ಅದೇ ಸದುದ್ದೇಶದಿಂದ ಅತ್ತೆಯವರ ಸೆಟ್ಟನ್ನೂ ಕುದಿಯುವ ನೀರಿಗೆ ಹಾಕಿಬಿಡಬಹುದು. ಸೆಟ್ಟಿನಲ್ಲಿ ಕಣ್ಣಿಗೆ ಯಾವ ಬದಲಾವಣೆಯೂ ತೋರದಿರಬಹುದು. ಆದರೆ ಮರುದಿನದಿಂದ ಅದು ಅಂಗುಳಕ್ಕೆ ಹೊಂದುವುದಿಲ್ಲ. ಲಾಲಾರಸದ ಪೊರೆಯು ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ತಳವು ವಸಡಿಗೆ ಒತ್ತುತ್ತದೆ. ಹೀಗೆ ಸೊಟ್ಟಗಾದುದನ್ನು ಮೊದಲಿನ ಆಕಾರಕ್ಕೆ ತರುವ ಉಪಾಯವು ಮನೆಯಲ್ಲಿಲ್ಲ. ಆದುದರಿಂದ ಸೆಟ್ಟನ್ನು ಕುದಿಸಬಾರದು. ಸ್ನಾನದ ಸುಡುನೀರಿನಲ್ಲೂ ತೊಳೆಯಬಾರದು. ತಣ್ಣೀರು, ಇಲ್ಲವೆ ಕೈಗೆ ಹಿತವಾಗುವ ಉಗುರುಬೆಚ್ಚಗಿನ ನೀರು ಸಾಕು.

ನೀರು

ಅಕ್ರಿಲಿಕ್ಕು ನೀರನ್ನು ಹೀರುವುದಿಲ್ಲವೆಂದು ಕಾಣುವುದಾದರೂ, ದಿನಗಟ್ಟಲೆ ನೀರಿನಲ್ಲಿದ್ದರೆ ಅದು ಮೆಲ್ಲಮೆಲ್ಲನೆ ನೀರನ್ನು ತನ್ನೊಳಕ್ಕೆ ಸೇರಿಸಿಕೊಳ್ಳುತ್ತದೆ. ನೀರಿನ ಅಣುಗಳು ಪ್ಲಾಸ್ಟಿಕ್ಕಿನ ಸರಪಳಿಗಳ ನಡುವೆ ನುಸುಳಿ ಅವನ್ನು ಸ್ವಲ್ಪ ದೂರ ಸರಿಸುವುವು. ತೂಕವು ಶೇಕಡಾ 1ರಷ್ಟು ಹೆಚ್ಚಿದರೆ ಉದ್ದವು ಶೇಕಡಾ 0.23ರಷ್ಟು ಹೆಚ್ಚುವುದೆಂದು ಅಳೆದು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡೋಣ: 60 ಮಿಲಿಮೀಟರ್ ಅಗಲದ ಸೆಟ್ಟು ಆಗ ಸುಮಾರು 0.14 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ನಾವು ಬರೆಯುವ ಕಾಗದದ ದಪ್ಪವೇ ಸುಮಾರು 0.1 ಮಿಲಿಮೀಟರ್. ಒಣಗಿಸಿದರೆ ಅದು ಮತ್ತೆ ಅಷ್ಟೇ ಕುಗ್ಗುತ್ತದೆ. ಲಾಲಾರಸದ ಪೊರೆಯ ದೃಷ್ಟಿಯಿಂದ ಇದು ಅಲಕ್ಷಿಸತಕ್ಕ ಅಳತೆಯಲ್ಲ.

ಒಂದು ಗಂಟೆ ಹೊರಗಿಟ್ಟೊಡನೆ ಸೆಟ್ಟು ಕೆಡುವುದೆಂದು ಹೆದರಬೇಕಾದುದಿಲ್ಲ. ಆದರೆ ಮತ್ತೆ ಮತ್ತೆ ಒಣಗಿಸಿ ನೆನೆಸುತ್ತ ಹೋದರೆ ಹಿಗ್ಗು ಕುಗ್ಗುಗಳ ಎಳೆದಾಟಕ್ಕೆ ಅದನ್ನು ಒಡ್ಡಿದಂತಾಗುವುದು. ಬಾಯಿಯಿಂದ ತೆಗೆದ ಸೆಟ್ಟನ್ನು ಕಾಗದದಲ್ಲಿ ಸುತ್ತಿ ಕಿಟಕಿಯ ಬಿಸಿಲಿನಲ್ಲಿಡುವ ಬದಲು ಮುಚ್ಚಳವಿರುವ ಡಬ್ಬಿಯಲ್ಲಿ ನೀರು ಹಾಕಿ ಇಡಬೇಕು. ಆ ನೀರನ್ನು ದಿನವೂ ಬದಲಾಯಿಸಬೇಕು, ಡಬ್ಬಿಯನ್ನೂ ತೊಳೆಯಬೇಕು. ಇಲ್ಲವಾದರೆ ಆ ಡಬ್ಬಿಯೇ ಸೂಕ್ಷ್ಮಜೀವಿಗಳ ಕೊಳವಾಗುವುದು.

ಗೀರು

ಪದಾರ್ಥಗಳ ಗಡಸುತನವನ್ನು ಅಳೆಯಲು ನೂಪ್ ಎಂಬ ಒಂದು ಮಾಪನವಿದೆ. ವಜ್ರದ ಮೊನೆಯನ್ನು ಗೊತ್ತಾದ ಭಾರದಿಂದ ಒತ್ತಿ, ಬಿದ್ದ ಗುರುತಿನ ಉದ್ದದಿಂದ ಗಡಸುತನವನ್ನು ಎಣಿಸುವುದು ಅದರ ಕ್ರಮ. ಹುಟ್ಟುಹಲ್ಲಿನ ಹೊರಗವಚವಾದ ಎನಾಮಲ್ಲಿನ ಗಡಸುತನವು ಈ ಮಾಪನದಲ್ಲಿ ಸುಮಾರು 340. ಅಕ್ರಿಲಿಕ್ಕಿನದು ಸುಮಾರು 20 ಮಾತ್ರ. ಹಲ್ಲುಜ್ಜುವ ಪೇಸ್ಟುಗಳಲ್ಲಿ ಸುಣ್ಣಕಲ್ಲಿನ ನುಣುಪಾದ ಪುಡಿ, ಸಿಲಿಕ ಮುಂತಾದ ಉಜ್ಜುಪದಾರ್ಥಗಳಿರುವುವು. ಎನಾಮಲ್ಲಿಗೆ ಹಿತವಾದ ಈ ಪುಡಿಗಳು ಅಕ್ರಿಲಿಕ್ಕಿನ ಮೇಲೆ ಗೀರುಗಳನ್ನೆಳೆಯುತ್ತವೆ. ನಮ್ಮಲ್ಲಿ ಬಳಕೆಯಲ್ಲಿರುವ ಇದ್ದಿಲ ಪುಡಿ, ಬೂದಿ, ಉಪ್ಪು, ಒರಟಾದ ಹಲ್ಲುಪುಡಿಗಳಂತೂ ಇನ್ನೂ ಕೆಟ್ಟವು. ಹೊಸದರಲ್ಲಿ ಸೆಟ್ಟು ಬೆಳ್ಳಗಾದಂತೆ ತೋರುತ್ತದೆ. ಕೆಲವು ತಿಂಗಳುಗಳಲ್ಲಿ ಹೊಳಪು ಹೋಗಿ, ಕಾಫಿ, ಚಹ, ಎಲೆಯಡಿಕೆಗಳ ಬಣ್ಣವು ಗೀರುಗಳಲ್ಲಿ ಕುಳಿತು ಮೊದಲಿಗಿಂತ ಬೇಗ ಕರೆಕಟ್ಟತೊಡಗುವುದು. ಆಗ ಇನ್ನಷ್ಟು ಬಲವಾಗಿ ಉಜ್ಜುವರು. ಗೀರುಗಳು ಇನ್ನಷ್ಟು ಹೆಚ್ಚುವುವು.

ಸೆಟ್ಟಿಗೆ ಬೇಕಾದುದು ಮೆದುವಾದ ಕೂದಲಿನ ಬ್ರಷ್ಷು ಮತ್ತು ಸಾಧಾರಣ ಸ್ನಾನದ ಸೋಪು. ಸೋಪಿನ ಅಣುವಿನ ಒಂದು ತುದಿಯು ಜಿಡ್ಡನ್ನೂ ಇನ್ನೊಂದು ತುದಿಯು ನೀರನ್ನೂ ಹಿಡಿಯುವುದರಿಂದ ಗೀರದೆಯೇ ಕೊಳೆಯನ್ನು ಬಿಡಿಸಬಲ್ಲುದು. ಹೊರಗೆ ಕಾಣುವ ಹಲ್ಲಿನ ಸಾಲನ್ನು ಮಾತ್ರವಲ್ಲದೆ, ಅಂಗುಳಕ್ಕೂ ವಸಡಿಗೂ ತಾಗುವ ಒಳಬದಿಯನ್ನೂ ಉಜ್ಜಬೇಕು. ಕನ್ನಡಿಯಲ್ಲಿ ಕಾಣದ ಆ ಒಳಬದಿಯಲ್ಲಿಯೇ ಮುಖ್ಯವಾದ ವ್ಯಾಪಾರವು ನಡೆಯುವುದು.

ಕಣ್ಣಿಗೆ ಕಾಣದ ನಿವಾಸಿಗಳು

ತೊಳೆದ ಸೆಟ್ಟನ್ನು ಬಾಯಿಗಿಟ್ಟ ಕೆಲವೇ ನಿಮಿಷಗಳಲ್ಲಿ ಲಾಲಾರಸದ ಪ್ರೋಟೀನುಗಳು ಅದರ ಮೇಲೆ ತೆಳುವಾದ ಲೇಪವನ್ನುಂಟುಮಾಡುವುವು. ಬಾಯಿಯಲ್ಲಿ ಸದಾ ಇರುವ ಬ್ಯಾಕ್ಟೀರಿಯಗಳು ಈ ಲೇಪಕ್ಕೆ ಅಂಟಿಕೊಂಡು, ಬೆಳೆದು, ಅಂಟಾದ ಒಂದು ವಸ್ತುವನ್ನು ಸುತ್ತಲೂ ಸ್ರವಿಸಿ ಅದರೊಳಗೆ ವಾಸಮಾಡತೊಡಗುವುವು. ತೊಳೆಯದ ಸೆಟ್ಟನ್ನು ಬೆರಳಿನಿಂದ ಮುಟ್ಟಿದಾಗ ಲೋಳೆಯಂತೆ ಜಾರುವುದು ಇದೇ. ಬಾಯಿಯಲ್ಲಿಡುವ ವಸ್ತುವಿನ ಮೇಲ್ಮೈಯ ಒರಟುತನವು ಸರಾಸರಿ 0.2 ಮೈಕ್ರಾನನ್ನು, ಎಂದರೆ ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗವನ್ನು ಮೀರಿದರೆ ಈ ಜೀವಿಗಳು ನೆಲೆಯೂರುವುದು ಹೆಚ್ಚುತ್ತದೆಂದು ಸಂಶೋಧಕರು ಕಂಡಿರುವರು. ಗೀರಿದ ಅಕ್ರಿಲಿಕ್ಕು ಅವಕ್ಕೆ ಉತ್ತ ಹೊಲವಿದ್ದಂತೆ.

ಇವುಗಳ ಜೊತೆಗೆ ಕ್ಯಾಂಡಿಡ ಆಲ್ಬಿಕನ್ಸ್ ಎಂಬ ಒಂದು ಯೀಸ್ಟು ಸೇರಿಕೊಳ್ಳುವುದುಂಟು. ಹಿಟ್ಟನ್ನು ಹುದುಗಿಸುವ ಯೀಸ್ಟಿನ ದೂರದ ಬಂಧು ಇದು. ಆರೋಗ್ಯವಂತರ ಬಾಯಿಯಲ್ಲಿಯೂ ಇದು ನಿರುಪದ್ರವಿಯಾಗಿ ಇರಬಹುದು. ಆದರೆ ಹಗಲಿರುಳೂ ತೆಗೆಯದ ಸೆಟ್ಟಿನ ಅಡಿಯಲ್ಲಿ, ಲಾಲಾರಸದ ಹರಿವು ತಲಪದ ಬೆಚ್ಚಗಿನ ಸ್ಥಳದಲ್ಲಿ, ಇದು ವಿಪರೀತವಾಗಿ ಬೆಳೆದು ಅಂಗುಳವನ್ನು ಕೆಂಪಾಗಿಸುತ್ತದೆ. ಅನೇಕ ವೇಳೆ ನೋವೇ ಇಲ್ಲದಿರುವುದರಿಂದ ರೋಗಿಗೆ ಅದರ ಅರಿವಿರುವುದಿಲ್ಲ. ಸೆಟ್ಟನ್ನು ತೆಗೆದು ಬೆಳಕಿನಲ್ಲಿ ನೋಡಿದರೆ ಸೆಟ್ಟಿನ ಆಕಾರಕ್ಕೆ ಸರಿಯಾಗಿ ಬರೆ ಎಳೆದಂತೆ ಅಂಗುಳವು ಕೆಂಪಾಗಿರುವುದು ಕಾಣುವುದು.

ಇದಕ್ಕಿಂತ ಗಂಭೀರವಾದ ಸಂಗತಿಯೊಂದುಂಟು. ಜಪಾನಿನ ಟೋಕಿಯೊ ನಗರದಲ್ಲಿ 85 ವರ್ಷಕ್ಕೆ ಮೇಲ್ಪಟ್ಟ 524 ವೃದ್ಧರನ್ನು ಮೂರು ವರ್ಷಗಳ ಕಾಲ ಗಮನಿಸಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸೆಟ್ಟನ್ನು ಹಾಕಿಕೊಂಡೇ ಮಲಗುತ್ತಿದ್ದವರಿಗೆ ನ್ಯುಮೋನಿಯದ ಅಪಾಯವು ಮಿಕ್ಕವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿತ್ತೆಂದು ಅದರಿಂದ ತಿಳಿದುಬಂದಿತು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ, ನಿಜ. ಆದರೆ ಇಲ್ಲಿ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಿದ್ರೆಯಲ್ಲಿ ನಮಗರಿವಿಲ್ಲದೆಯೇ ಲಾಲಾರಸದ ಸಣ್ಣ ಹನಿಗಳು ಶ್ವಾಸನಾಳಕ್ಕೆ ಇಳಿಯುತ್ತವೆ. ವೃದ್ಧರಲ್ಲಿ ಕೆಮ್ಮಿ ಹೊರದೂಡುವ ಶಕ್ತಿ ಕುಂದಿರುತ್ತದೆ. ಸೆಟ್ಟಿನ ಮೇಲೆ ಬೆಳೆದ ಜೀವಿಗಳು ಆ ಹನಿಗಳೊಡನೆ ಶ್ವಾಸಕೋಶವನ್ನು ಸೇರಬಲ್ಲವು. ರಾತ್ರಿ ಮಲಗುವಾಗ ಸೆಟ್ಟನ್ನು ತೆಗೆದಿಡಬೇಕೆಂಬ ಹಳೆಯ ಉಪದೇಶಕ್ಕೆ ಹೀಗೆ ಹೊಸ ಬಲ ಬಂದಿದೆ. ತೆಗೆದಿಟ್ಟರೆ ವಸಡಿಗೂ ಆರೆಂಟು ಗಂಟೆಗಳ ವಿಶ್ರಾಂತಿ ದೊರೆಯುವುದು.

ನೆನೆಸುವ ದ್ರಾವಣಗಳು

ಬ್ರಷ್ಷಿನ ಕೂದಲು ತಲಪದ ಸಂದುಗಳನ್ನು ಶುಚಿಗೊಳಿಸಲು ನೆನೆಸುವುದು ಸಹಾಯಕ. ಔಷಧದ ಅಂಗಡಿಗಳಲ್ಲಿ ದೊರೆಯುವ ಮಾತ್ರೆಗಳನ್ನು ನೀರಿಗೆ ಹಾಕಿದೊಡನೆ ನೊರೆಯೇಳುತ್ತದೆ. ಅಡಿಗೆ ಸೋಡವೂ ಹುಳಿಯೂ ಕೂಡಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುವುದರಿಂದ ಬಂದ ನೊರೆ ಅದು. ಮಾತ್ರೆಯಲ್ಲಿರುವ ಪರ್‌ಬೋರೇಟು ಮೊದಲಾದ ಲವಣಗಳು ನೀರಿನಲ್ಲಿ ಹೈಡ್ರೊಜನ್ ಪೆರಾಕ್ಸೈಡನ್ನು ಬಿಡುಗಡೆ ಮಾಡಿ, ಅದರ ಆಮ್ಲಜನಕದಿಂದ ಕರೆಯನ್ನೂ ಜೀವಿಗಳನ್ನೂ ನಾಶಪಡಿಸುತ್ತವೆ. ಈ ಮಾತ್ರೆಯನ್ನು ನುಂಗಬಾರದು. ಸೆಟ್ಟು ಬಾಯಿಯಲ್ಲಿರುವಾಗ ಬಳಸಬಾರದು. ನೆನೆಸಿದ ಸೆಟ್ಟನ್ನು ಚೆನ್ನಾಗಿ ಉಜ್ಜಿ ತೊಳೆದ ಮೇಲೆಯೇ ಬಾಯಿಗಿಡಬೇಕು.

ಬಟ್ಟೆಯನ್ನು ಬಿಳುಪು ಮಾಡುವ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು ತೀರ ತಿಳಿಮಾಡಿ ಬಳಸುವುದೂ ಉಂಟು. ಜೀವಿಗಳನ್ನು ಕೊಲ್ಲುವುದರಲ್ಲಿ ಅದು ಸಮರ್ಥವಾದುದು. ಆದರೆ 10 ನಿಮಿಷಕ್ಕಿಂತ ಹೆಚ್ಚು ಕಾಲ ಸೆಟ್ಟನ್ನು ಅದರಲ್ಲಿ ಬಿಡಬಾರದೆಂದು ಅಮೆರಿಕನ್ ಕಾಲೇಜ್ ಆಫ್ ಪ್ರಾಸ್ತೋಡಾಂಟಿಸ್ಟ್ಸ್ ಸಂಸ್ಥೆಯ ಆಶ್ರಯದಲ್ಲಿ 2011ರಲ್ಲಿ ಹೊರಬಂದ ಮಾರ್ಗದರ್ಶಿ ಸೂತ್ರಗಳು ಎಚ್ಚರಿಸಿವೆ. ಹೆಚ್ಚು ಹೊತ್ತು ಬಿಟ್ಟರೆ ವಸಡಿನ ಬಣ್ಣವು ಬಿಳಚಿಕೊಳ್ಳಬಹುದು. ಲೋಹದ ಕೊಂಡಿಯಿರುವ ಸೆಟ್ಟನ್ನು ಅದರಲ್ಲಿ ಮುಳುಗಿಸಲೇಬಾರದು. ಲೋಹವು ಕಪ್ಪಾಗಿ ಸವೆಯುವುದು. ದಂತವೈದ್ಯರನ್ನು ಕೇಳದೆ ಇದರ ಗೋಜಿಗೆ ಹೋಗದಿರುವುದೇ ಲೇಸು.

ಇನ್ನು ವಾಷಿಂಗ್ಟನ್ನನ ಹಲ್ಲನ್ನು ಕೆಡಿಸಿದ ಹುಳಿಯ ವಿಷಯ. ಲಾಲಾರಸದಲ್ಲಿರುವ ಕ್ಯಾಲ್ಸಿಯಂ ಲವಣಗಳು ಸೆಟ್ಟಿನ ಮೇಲೆ ಕುಳಿತು ಗಟ್ಟಿಯಾದ ಕಿಟ್ಟವಾಗುವುವು. ಲಾಲಾರಸದ ನಾಳಗಳು ತೆರೆಯುವ ಜಾಗಗಳಲ್ಲಿ, ಎಂದರೆ ಕೆಳಗಿನ ಮುಂಬಲ್ಲುಗಳ ಹಿಂದೆಯೂ ಮೇಲಿನ ದವಡೆಹಲ್ಲುಗಳ ಕೆನ್ನೆಯ ಬದಿಯಲ್ಲಿಯೂ ಇದು ಹೆಚ್ಚು. ಚಾಕುವಿನಿಂದ ಕೆರೆದರೆ ಅಕ್ರಿಲಿಕ್ಕು ಗಾಯಗೊಳ್ಳುವುದು. ಬಿಳಿಯ ವಿನಿಗರಿಗೆ ಅಷ್ಟೇ ನೀರನ್ನು ಬೆರಸಿ ಅರ್ಧ ಗಂಟೆಯಷ್ಟು ನೆನೆಸಿದರೆ ಕಿಟ್ಟವು ಮೆತ್ತಗಾಗಿ ಬ್ರಷ್ಷಿಗೆ ಬಿಟ್ಟುಕೊಳ್ಳುವುದು. ಕ್ಯಾಲ್ಸಿಯಂ ಖನಿಜವನ್ನು ಕರಗಿಸುವ ಹುಳಿಯ ಗುಣವು ಅಂದೂ ಇಂದೂ ಒಂದೇ. ಅಂದು ಹಲ್ಲೇ ಆ ಖನಿಜವಾಗಿತ್ತು. ಇಂದು ಹಲ್ಲಿಗಂಟಿದ ಕೊಳೆ ಮಾತ್ರ ಆ ಖನಿಜ. ಲೋಹದ ಭಾಗಗಳಿರುವ ಸೆಟ್ಟಿಗೆ ಇದೂ ಬೇಡ.

ಬಿದ್ದರೆ, ಬಿರುಕು ಬಿಟ್ಟರೆ

ಅಕ್ರಿಲಿಕ್ಕು ಗಾಜಿನಷ್ಟಲ್ಲದಿದ್ದರೂ ಭಿದುರವಾದ ಪದಾರ್ಥವೇ. ಒಂದು ಮೀಟರ್ ಎತ್ತರದಿಂದ ಕೈಜಾರಿದ ಸೆಟ್ಟು ನೆಲವನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 4.4 ಮೀಟರ್, ಎಂದರೆ ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿರುತ್ತದೆ. ಸೋಪು ಹಚ್ಚಿದ ಸೆಟ್ಟು ಜಾರುವುದು ಸಹಜ. ಆದುದರಿಂದ ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿಯನ್ನಿಡಬೇಕು, ಇಲ್ಲವೆ ಮಡಿಸಿದ ಟವಲನ್ನು ಹಾಸಬೇಕು. ಬಿದ್ದರೂ ನೀರು ವೇಗವನ್ನು ತಗ್ಗಿಸುತ್ತದೆ. ಕೆಳದವಡೆಯ ಸೆಟ್ಟನ್ನು ಎರಡು ತುದಿಗಳಲ್ಲಿ ಹಿಡಿದು ಹಿಸುಕಬಾರದು.

ಮುರಿದ ಸೆಟ್ಟನ್ನು ಅಂಗಡಿಯ ಅಂಟಿನಿಂದ ಜೋಡಿಸಲು ಹೊರಡುವವರೂ ಉಂಟು. ಎರಡು ಹೋಳುಗಳು ಕೂದಲೆಳೆಯಷ್ಟು ಸರಿದು ಕೂತರೂ ಮೊದಲಿನ ಹೊಂದಿಕೆ ಬರುವುದಿಲ್ಲ. ಮೇಲಾಗಿ ಆ ಅಂಟು ಬಾಯಿಗಾಗಿ ಮಾಡಿದುದಲ್ಲ. ಹೋಳುಗಳೆಲ್ಲವನ್ನೂ ಜೋಪಾನವಾಗಿ ವೈದ್ಯರಲ್ಲಿಗೆ ಕೊಂಡೊಯ್ದರೆ ಅವರು ಸರಿಯಾಗಿ ಬೆಸೆದುಕೊಡಬಲ್ಲರು. ಮುರಿದ ಹೋಳನ್ನೇ ಹಾಕಿಕೊಂಡು ಕಾಲ ಕಳೆಯುವುದು ಅಪಾಯಕರ. ನುಂಗಿದರೆ ಅದನ್ನು ಎಕ್ಸ್‌ರೇ ಚಿತ್ರದಲ್ಲಿ ಗುರುತಿಸುವುದು ಕಷ್ಟ. ಏಕೆಂದರೆ ನಮ್ಮ ಮಾಂಸದಂತೆಯೇ ಅಕ್ರಿಲಿಕ್ಕೂ ಇಂಗಾಲ, ಜಲಜನಕ, ಆಮ್ಲಜನಕಗಳೆಂಬ ಹಗುರವಾದ ಮೂಲವಸ್ತುಗಳಿಂದಾದುದು.

ಸವೆಯುವುದು ಸೆಟ್ಟಲ್ಲ, ದವಡೆ

ಇಷ್ಟೆಲ್ಲ ಜೋಪಾನ ಮಾಡಿದರೂ ಕೆಲವು ವರ್ಷಗಳಲ್ಲಿ ಸೆಟ್ಟು ಸಡಿಲವಾಯಿತೆಂಬ ದೂರು ಬರುವುದು. ಸೆಟ್ಟು ಹಾಗೆಯೇ ಇದೆ. ಕುಗ್ಗಿರುವುದು ಅದರ ಕೆಳಗಿನ ದವಡೆ. ಹಲ್ಲಿನ ಬೇರುಗಳನ್ನು ಹಿಡಿದಿದ್ದ ಎಲುಬಿಗೆ ಹಲ್ಲು ಹೋದ ಮೇಲೆ ಮೊದಲಿನ ಕೆಲಸವಿಲ್ಲ. ಕೆಲಸವಿಲ್ಲದ ಎಲುಬನ್ನು ದೇಹವು ಮೆಲ್ಲನೆ ಕರಗಿಸಿಕೊಳ್ಳುತ್ತದೆ. ಆಂಟ್ಯೆ ಟಾಲ್‌ಗ್ರೆನ್ ಎಂಬ ವಿದುಷಿಯು 25 ವರ್ಷಗಳ ಅವಧಿಯ ಅಳತೆಗಳನ್ನು 1972ರಲ್ಲಿ ಪ್ರಕಟಿಸಿ, ಈ ಸವೆತವು ವರ್ಷಗಳು ಕಳೆದರೂ ನಿಲ್ಲುವುದಿಲ್ಲವೆಂದೂ, ಕೆಳದವಡೆಯ ದಿಬ್ಬವು ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುವುದೆಂದೂ ತೋರಿಸಿಕೊಟ್ಟಳು.

ಸಡಿಲವಾದ ಸೆಟ್ಟು ಉಜ್ಜಿ ಉಜ್ಜಿ ಹುಣ್ಣನ್ನುಂಟುಮಾಡುವುದು. ಆಗ ಚಾಕುವಿನಿಂದಲೋ ಅರದಿಂದಲೋ ಮನೆಯಲ್ಲಿ ಕೆತ್ತಬಾರದು. ಅಂಟುಪುಡಿಯನ್ನು ದಿನದಿನಕ್ಕೆ ಹೆಚ್ಚಿಸುತ್ತ ಹೋಗಬಾರದು. ದಂತವೈದ್ಯರು ದವಡೆಯ ಹೊಸ ಆಕಾರಕ್ಕೆ ತಕ್ಕಂತೆ ಸೆಟ್ಟಿನ ಒಳಬದಿಗೆ ಅಕ್ರಿಲಿಕ್ಕಿನ ಹೊಸ ಪದರವನ್ನು ಕೂಡಿಸಿಕೊಡಬಲ್ಲರು. ವರ್ಷಕ್ಕೊಮ್ಮೆಯಾದರೂ ಅವರಿಗೆ ತೋರಿಸುವುದು ಒಳ್ಳೆಯದು. ಎರಡು ಮೂರು ವಾರಗಳಾದರೂ ಮಾಯದ ಹುಣ್ಣನ್ನು, ನೋವಿಲ್ಲವೆಂದು ಅಲಕ್ಷಿಸದೆ, ಒಡನೆಯೇ ತೋರಿಸಬೇಕು. ಎಲೆಯಡಿಕೆ ಹೊಗೆಸೊಪ್ಪುಗಳ ಅಭ್ಯಾಸವಿರುವವರಲ್ಲಿ ಅದು ಬಾಯಿಯ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು. ಹೀಗೆ ನೋಡಿಕೊಂಡರೂ ಒಂದು ಸೆಟ್ಟನ್ನು ಸಾಮಾನ್ಯವಾಗಿ 5ರಿಂದ 10 ವರ್ಷಗಳಲ್ಲಿ ಬದಲಾಯಿಸಬೇಕಾಗುವುದು. ಜೋಪಾನವಿಲ್ಲದಿದ್ದರೆ ಅದು ಮೊದಲ ವರ್ಷವನ್ನೇ ದಾಟದಿರಬಹುದು.

ದಿನಚರಿಯಾಗಿ ನೋಡಿದರೆ ಇವೆಲ್ಲವೂ ಹತ್ತು ನಿಮಿಷದ ಕೆಲಸ. ಪ್ರತಿಯೊಂದು ಊಟದ ಅನಂತರ ಸೆಟ್ಟನ್ನು ತೆಗೆದು ನೀರಿನಲ್ಲಿ ಜಾಲಿಸಿ, ಬಾಯಿಯನ್ನೂ ಮುಕ್ಕಳಿಸಬೇಕು. ರಾತ್ರಿ ಬೋಗುಣಿಯ ಮೇಲೆ ಹಿಡಿದು ಸೋಪು ಬ್ರಷ್ಷುಗಳಿಂದ ಒಳಹೊರಗೆ ಉಜ್ಜಿ, ಹೊಸ ನೀರಿನ ಡಬ್ಬಿಯಲ್ಲಿಡಬೇಕು. ವಸಡು, ನಾಲಗೆ, ಅಂಗುಳಗಳನ್ನು ಮೆದುವಾದ ಬಟ್ಟೆಯಿಂದ ಒರಸಬೇಕು. ಬೆಳಗ್ಗೆ ತೊಳೆದು, ಒದ್ದೆಯಾಗಿರುವಾಗಲೇ ಹಾಕಿಕೊಳ್ಳಬೇಕು.

ಆದರೆ ಈ ಹತ್ತು ನಿಮಿಷವು ಎಪ್ಪತ್ತೈದರ ನಡುಗುವ ಕೈಗೆ ದೊಡ್ಡ ಹೊರೆ. ಕಟ್ಟಿಸಿದ ಹಲ್ಲನ್ನು ಇನ್ನೊಬ್ಬರ ಮುಂದೆ ತೆಗೆಯಲು ಹಿರಿಯರು ನಾಚುತ್ತಾರೆ. ತೊಳೆದುಕೊಡೆಂದು ಬಾಯಿಬಿಟ್ಟು ಕೇಳುವುದಿಲ್ಲ. ಹೊಂದದ ಸೆಟ್ಟನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟು, ನನಗೀಗ ಗಟ್ಟಿ ಪದಾರ್ಥ ಸೇರುವುದಿಲ್ಲವೆಂದು ಹೇಳಿ ಸುಮ್ಮನಾಗುತ್ತಾರೆ. ಮನೆಯ ಹುಡುಗನೋ ಹುಡುಗಿಯೋ ಇದನ್ನು ಕಂಡುಕೊಂಡು, ಹಾಸ್ಯಕ್ಕೂ ಹೇಸಿಗೆಗೂ ಎಡೆಗೊಡದೆ, ರಾತ್ರಿ ಡಬ್ಬಿಯನ್ನು ಸದ್ದಿಲ್ಲದೆ ತೊಳೆದು ನೀರು ತುಂಬಿ ಹಾಸಿಗೆಯ ಬಳಿ ಇಟ್ಟರೆ, ಅಜ್ಜನ ಊಟದ ಎಲೆಗೆ ರೊಟ್ಟಿಯು ಇನ್ನೂ ಎಷ್ಟೋ ವರ್ಷ ಬೀಳುತ್ತಿರುವುದು.